ಅಜೇಲಿಯಾ ಎಲೆ ಬಿಳಿಚಿಕೊಂಡಿದೆಯಾ? ಔಷಧಿಗೆ ಮೊದಲು ಎಲೆ ತಿರುಗಿಸಿ ನೋಡಿ

ಫೆಬ್ರವರಿ ಬಂತೆಂದರೆ ನಮ್ಮ ಮಡಿಕೇರಿ ಕಡೆ ಈ ಪ್ರಶ್ನೆ ಶುರುವಾಗುತ್ತದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ನಾಲ್ಕು ಎಲೆ ಕಿತ್ತುಕೊಂಡು ಬಂದಳು. "ಅಕ್ಕಾ, ನೋಡಿ, ಅಜೇಲಿಯಾ ಎಲ್ಲಾ ಹೀಗೆ ಬಣ್ಣ ಹೋಗಿದೆ. ಅಂಗಡಿಯಿಂದ ಏನು ತರಲಿ?" ಎಂದು ಕೇಳಿದಳು. ನಾನು ಏನೂ ತರಬೇಡ ಎಂದೆ. ಮೊದಲು ಗಿಡದ ಹತ್ತಿರ ಹೋಗೋಣ ಎಂದು ಅವಳ ಜೊತೆಗೇ ಹೊರಟೆ. ಅವಳ ಗಿಡಕ್ಕೆ ಏನಾಗಿತ್ತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಹಾಗೆ ಹೊರಡುವುದಕ್ಕೆ ಒಂದು ಕಾರಣವಿದೆ. ನಾಲ್ಕು ವರ್ಷದ ಹಿಂದೆ ನಮ್ಮ ಮನೆ ದಾರಿಯ ಪಕ್ಕ ಹನ್ನೊಂದು ಅಜೇಲಿಯಾ ಹೂಗಿಡಗಳಿದ್ದವು. ಬೇಸಿಗೆ ಶುರುವಿನಲ್ಲಿ ಎಲೆಗಳ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಬಂತು. ನಾನು ಅಂಗಡಿಗೆ ಹೋಗಿ "ಎಲೆಗೆ ನುಸಿ ಬಿದ್ದಿದೆ" ಎಂದೆ. ಅವರು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಹದಿನೈದು ದಿನದ ಅಂತರದಲ್ಲಿ ಎರಡು ಸಲ ಹೊಡೆದೆ. ಏಪ್ರಿಲ್ ಹೊತ್ತಿಗೆ ಗಿಡಗಳು ತಾಮ್ರದ ಬಣ್ಣಕ್ಕೆ ತಿರುಗಿ ಎಲೆ ಉದುರಿಸಿದವು. ಮೂರು ಗಿಡ ಸತ್ತೇ ಹೋಯಿತು. ಆಮೇಲೆ ತೋಟದ ಮಾವ ಒಂದು ದಿನ ಭೂತಗನ್ನಡಿ ಹಿಡಿದು ನೋಡಿ, "ಇದು ಹುಳ ಅಲ್ಲ ಕಣಮ್ಮ, ಕೆಂಪು ನುಸಿ. ಹುಳದ ಔಷಧಿಗೆ ಇದು ಹೆದರೋದಿಲ್ಲ" ಎಂದರು.

ಗೊಂದಲ ಶುರುವಾಗುವುದು ಹೆಸರಿನಲ್ಲೇ. ನಾವು ಥ್ರಿಪ್ಸ್‌ಗೂ ನುಸಿ ಎನ್ನುತ್ತೇವೆ, ಮೈಟ್‌ಗೂ ನುಸಿ ಎನ್ನುತ್ತೇವೆ. ಥ್ರಿಪ್ಸ್ ಕೀಟ, ಅದಕ್ಕೆ ಆರು ಕಾಲು. ಮೈಟ್ ಜೇಡದ ಬಳಗ, ಅದಕ್ಕೆ ಎಂಟು ಕಾಲು. ಇಮಿಡಾಕ್ಲೋಪ್ರಿಡ್ ಕೀಟಕ್ಕೆ ಕೆಲಸ ಮಾಡುತ್ತದೆ, ಮೈಟ್‌ಗೆ ಮಾಡುವುದಿಲ್ಲ. ಅಷ್ಟೇ ಆಗಿದ್ದರೆ ದುಡ್ಡು ಹೋಯಿತು ಎಂದುಕೊಳ್ಳಬಹುದಿತ್ತು. ಆದರೆ ಅದು ಮೈಟ್ ತಿನ್ನುವ ಒಳ್ಳೆಯ ಹುಳುಗಳನ್ನೂ ಕೊಲ್ಲುತ್ತದೆ. ಆ ಔಷಧಿ ಹೊಡೆದ ಮೇಲೆ ಮೈಟ್ ಇನ್ನೂ ಜಾಸ್ತಿಯಾಗುವುದು ಹಲವು ಬಗೆಯ ಗಿಡಗಳಲ್ಲಿ ಕಂಡುಬಂದಿದೆ. ನನ್ನ ಅಂಗಳದಲ್ಲಿ ಆದದ್ದೂ ಅದೇ. ಅದಕ್ಕೇ ಈ ಬರಹದಲ್ಲಿ ನುಸಿ ಎಂದರೆ ಮೈಟ್ ಮಾತ್ರ. ಥ್ರಿಪ್ಸ್‌ಗೆ ಥ್ರಿಪ್ಸ್ ಎಂದೇ ಬರೆಯುತ್ತೇನೆ. ನೀವೂ ಅಂಗಡಿಯಲ್ಲಿ ಹಾಗೇ ಕೇಳಿ.

ಮೊದಲ ಹತ್ತು ನಿಮಿಷ

ಬೇಕಾದದ್ದು ಒಂದು ಬಿಳಿ ಹಾಳೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಿದರೂ ಅರ್ಧ ಕೆಲಸ ಆಗುತ್ತದೆ.

ಚುಕ್ಕೆ ಇರುವ ಒಂದು ಎಲೆ ಹಿಡಿದು ತಿರುಗಿಸಿ. ಎಲೆಯ ಕೆಳಭಾಗದಲ್ಲಿ ಟಾರ್ ಹನಿಸಿದ ಹಾಗೆ, ಹೊಳೆಯುವ ಕಪ್ಪು ಚುಕ್ಕೆಗಳು ಅಂಟಿಕೊಂಡಿವೆಯೇ? ಇದ್ದರೆ ಅದು ಕೀಟದ ಹಿಕ್ಕೆ. ಲೇಸ್ ಬಗ್ ಇರಬಹುದು, ಥ್ರಿಪ್ಸ್ ಇರಬಹುದು. ಕಪ್ಪು ಚುಕ್ಕೆ ಒಂದೂ ಇಲ್ಲ, ಬದಲಿಗೆ ಬಿಳಿ ಧೂಳಿನಂಥದ್ದು ಇದೆ ಅಥವಾ ತೆಳ್ಳನೆಯ ಬಲೆ ಇದೆ ಎಂದರೆ ನುಸಿಯ ಕಡೆ ಯೋಚಿಸಿ.

ಆಮೇಲೆ ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆಯನ್ನು ಎರಡು ಮೂರು ಸಲ ಜೋರಾಗಿ ತಟ್ಟಿ. ಬಿದ್ದ ಕಸ ನೋಡಿ ಗಾಬರಿಯಾಗಬೇಡಿ. ಒಂದು ನಿಮಿಷ ಸುಮ್ನೆ ಹಿಡಿದುಕೊಂಡಿರಿ. ಚುಕ್ಕೆಗಳು ನಡೆಯಲು ಶುರುಮಾಡಿದರೆ ಅವು ಜೀವ ಇರುವಂಥವು. ನಿಧಾನವಾಗಿ ತೆವಳುವ ಕೆಂಪು ಅಥವಾ ಹಸಿರು ಚುಕ್ಕೆ ಗಿಡ ಹೀರುವ ನುಸಿ. ಸರಸರ ಓಡುವ ಚುಕ್ಕೆ ಹೆಚ್ಚಾಗಿ ಆ ನುಸಿಯನ್ನು ತಿನ್ನುವ ಬೇಟೆ ನುಸಿ. ಓಡುವವು ಬಹಳ ಇದ್ದರೆ ಔಷಧಿ ಮುಟ್ಟಬೇಡಿ, ಒಂದು ವಾರ ಕಾದು ಮತ್ತೆ ತಟ್ಟಿ ನೋಡಿ. ಹಾಳೆಯ ಮೇಲೆ ಉದ್ದಕ್ಕೆ, ಕಡ್ಡಿಯ ಚೂರಿನ ಹಾಗೆ ಇರುವುದು ಥ್ರಿಪ್ಸ್.

ಇಷ್ಟನ್ನು ಒಂದೇ ಗಿಡದಲ್ಲಿ ಮಾಡಬೇಡಿ. ಬಿಸಿಲಿನಲ್ಲಿರುವ ಗಿಡ, ನೆರಳಿನಲ್ಲಿರುವ ಗಿಡ, ರಸ್ತೆ ಪಕ್ಕದ ಗಿಡ, ಹೊಸದಾಗಿ ನರ್ಸರಿಯಿಂದ ತಂದ ಗಿಡ, ನಾಲ್ಕನ್ನೂ ನೋಡಿ. ಯಾವುದರಲ್ಲಿ ಜಾಸ್ತಿ ಎನ್ನುವುದೇ ಅರ್ಧ ಉತ್ತರ ಕೊಡುತ್ತದೆ.

ಕೆಳಗೆ ಕಪ್ಪು ಚುಕ್ಕೆ ಇದ್ದರೆ

ಅಜೇಲಿಯಾದ ಹಳೇ ಶತ್ರು ಲೇಸ್ ಬಗ್. ಇದರ ತವರು ಜಪಾನ್. ಅಲ್ಲಿಂದ ಗಿಡಗಳ ಜೊತೆ ಅಮೆರಿಕಕ್ಕೂ ಯುರೋಪಿಗೂ ಹೋಗಿದೆ. ನಮಗೆ ಈ ಬಳಗ ಹೊಸದೇನಲ್ಲ. ಬಾಳೆ ಮತ್ತು ಏಲಕ್ಕಿ ಎಲೆಯ ಕೆಳಗೆ ಗುಂಪಾಗಿ ಕೂತಿರುವ, ಜಾಲರಿಯಂಥ ರೆಕ್ಕೆಯ ಪುಟ್ಟ ತಿಗಣೆಯನ್ನು ತೋಟದವರು ನೋಡಿರುತ್ತಾರೆ. ಅದೂ ಇದೂ ದಾಯಾದಿಗಳು.

ದೊಡ್ಡ ಹುಳು ಸುಮಾರು 3 ಮಿ.ಮೀ. ಉದ್ದ. ರೆಕ್ಕೆ ಗಾಜಿನ ಹಾಗೆ, ಅದರ ಮೇಲೆ ಕಂದು ಗುರುತು. ಮರಿಗಳು ಕಪ್ಪಗೆ, ಮೈಮೇಲೆ ಮುಳ್ಳು. ಎಲ್ಲವೂ ಎಲೆಯ ಕೆಳಗೇ ಇರುತ್ತವೆ, ಅಲ್ಲಿಂದಲೇ ರಸ ಹೀರುತ್ತವೆ. ಮೇಲಿನಿಂದ ನೋಡಿದರೆ ನಮಗೆ ಕಾಣುವುದು ಬಿಳಿ ಚುಕ್ಕೆ ಮಾತ್ರ. ಮೊಟ್ಟೆಯನ್ನು ಎಲೆಯ ನಡು ನರದ ಪಕ್ಕ, ಎಲೆಯ ಒಳಗೇ ಚುಚ್ಚಿ ಇಡುತ್ತದೆ. ಮೇಲೆ ಕಪ್ಪು ವಾರ್ನಿಷ್ ಬಳಿದ ಹಾಗೆ ಮುಚ್ಚಿರುತ್ತದೆ. ಹಾಗಾಗಿ ಒಂದು ಸಲ ಹೊಡೆದು ಮುಗಿಯಿತು ಎನ್ನುವ ಹಾಗಿಲ್ಲ. ಮೊಟ್ಟೆ ಒಡೆದು ಹೊಸ ಮರಿ ಬರುತ್ತಲೇ ಇರುತ್ತದೆ.

ಪೂರ್ತಿ ಬಿಸಿಲಿಗೆ ನಿಂತ ಅಜೇಲಿಯಾಗೆ ಇದರ ಕಾಟ ಜಾಸ್ತಿ. ಮರದ ಜಾಳು ನೆರಳಿನಲ್ಲಿ ಇರುವ ಗಿಡಕ್ಕೆ ಕಡಿಮೆ. ಮಳೆಗಾಲದಲ್ಲಿ ಮರ ಮನೆ ಮೇಲೆ ಬೀಳುತ್ತದೆ ಎಂಬ ಭಯಕ್ಕೆ ಅಂಗಳದ ಸಿಲ್ವರ್ ಓಕ್ ಕಡಿಸಿದ ಮೇಲೆ "ಅಜೇಲಿಯಾ ಯಾಕೋ ಏಳುತ್ತಿಲ್ಲ" ಎನ್ನುವವರು ಇದನ್ನು ನೆನಪಿಡಬೇಕು.

ಸ್ವಲ್ಪ ಇದ್ದರೆ ಪೈಪಿನ ನೀರು ಸಾಕು. ಬೆಳಿಗ್ಗೆ ಹೊತ್ತು, ಕೆಳಗಿನಿಂದ ಮೇಲಕ್ಕೆ, ಎಲೆಯ ಹಿಂಭಾಗಕ್ಕೆ ಜೋರಾಗಿ ಬೀಳುವ ಹಾಗೆ ಹಿಡಿಯಿರಿ. ಮರಿಗಳಿಗೆ ರೆಕ್ಕೆ ಇಲ್ಲ, ಕೆಳಗೆ ಬಿದ್ದರೆ ಮತ್ತೆ ಹತ್ತಿ ಬರುವುದು ಕಷ್ಟ. ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಮಾಡಿ. ಅದರಲ್ಲಿ ಬಗ್ಗದಿದ್ದರೆ ಬೇವಿನ ಎಣ್ಣೆ. ಇಮಿಡಾಕ್ಲೋಪ್ರಿಡ್ ಇದಕ್ಕೆ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಅದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಅದೂ ಗಿಡದಲ್ಲಿ ನುಸಿ ಇಲ್ಲ ಎಂದು ಹಾಳೆ ತಟ್ಟಿ ನೋಡಿದ ಮೇಲೆ, ಹೂವು ಪೂರ್ತಿ ಮುಗಿದ ಮೇಲೆ.

ಕಪ್ಪು ಚುಕ್ಕೆ ಇದೆ, ಆದರೆ ಎಲೆ ಚುಕ್ಕೆ ಚುಕ್ಕೆಯಾಗದೆ ಬೆಳ್ಳಿ ಬಳಿದ ಹಾಗೆ ಹೊಳೆಯುತ್ತಿದೆ ಎಂದರೆ ಥ್ರಿಪ್ಸ್. ಇದಕ್ಕೂ ನೀರು ಮತ್ತು ಬೇವಿನ ಎಣ್ಣೆಯೇ ಮೊದಲು.

ಕಪ್ಪು ಚುಕ್ಕೆ ಇಲ್ಲದಿದ್ದರೆ: ಕೆಂಪು ನುಸಿ

ಕೊಡಗಿನ ಒಣ ತಿಂಗಳುಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಕಾಫಿ ಬೆಳೆಗಾರರಿಗೆ ಕೆಂಪು ಜೇಡ ನುಸಿ ಹೊಸದಲ್ಲ. ನೆರಳು ಕಡಿಮೆ ಇರುವ ಕಡೆ, ರಸ್ತೆ ಧೂಳು ಹಾರುವ ಕಡೆ ಕಾಫಿ ಎಲೆಯ ಮೇಲ್ಭಾಗ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ನೋಡಿರುತ್ತೀರಿ. ಅಮೆರಿಕದಲ್ಲಿ ಅಜೇಲಿಯಾವನ್ನು ಕಾಡುವ ಒಂದು ಕೆಂಪು ನುಸಿ ಬ್ರೆಜಿಲ್‌ನಲ್ಲಿ ಕಾಫಿಯ ಪೀಡೆ. ನಮ್ಮ ಕಾಫಿ ಮತ್ತು ಟೀ ಗಿಡದ ಕೆಂಪು ನುಸಿ ಅದರದೇ ಕುಲದ್ದು. ಹಾಗಾಗಿ ತೋಟದ ನಡುವೆ ಮನೆ ಇರುವವರು ಕಾಫಿಗೆ ಬಂದ ವರ್ಷ ಅಂಗಳದ ಗಿಡಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನುಸಿ ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಬರಿಗಣ್ಣಿಗೆ ಕೆಂಪು ಧೂಳಿನ ಹಾಗೆ. ಭೂತಗನ್ನಡಿಯಲ್ಲಿ ನೋಡಿದರೆ ಗುಂಡಗಿನ ಕೆಂಪು ಮೊಟ್ಟೆ, ಕಳಚಿ ಬಿಟ್ಟ ಬಿಳಿ ಪೊರೆ, ನಡುವೆ ತೆವಳುವ ನುಸಿ ಎಲ್ಲವೂ ಕಾಣುತ್ತದೆ. ನಾನು ಮೊದಲು ಧೂಳು ಎಂದುಕೊಂಡದ್ದು ಆ ಪೊರೆಯನ್ನೇ. ಎಲೆಯ ಎರಡೂ ಬದಿ ನೋಡಿ. ಕೆಲವು ಜಾತಿ ಮೇಲೆ ಕೂರುತ್ತವೆ, ಕೆಲವು ಕೆಳಗೆ. ಮೊದಲು ತುಂಬಾ ನವಿರಾದ ಬಿಳಿ ಚುಕ್ಕೆ ಬರುತ್ತದೆ. ಲೇಸ್ ಬಗ್‌ನ ಚುಕ್ಕೆ ಇದಕ್ಕಿಂತ ದೊಡ್ಡದು, ಒರಟು. ಆಮೇಲೆ ಎಲೆ ಬೂದು, ಕೊನೆಗೆ ಕಂಚಿನ ಬಣ್ಣ.

ಬೆಚ್ಚಗಿನ ಒಣ ದಿನಗಳಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಎರಡು ವಾರ ಸಾಕು. ಈ ಭಾನುವಾರ ಒಂದು ಕೊಂಬೆಯಲ್ಲಿ ಇದ್ದದ್ದು ಬರುವ ತಿಂಗಳು ಇಡೀ ಸಾಲಿಗೆ ಹಬ್ಬಿರುತ್ತದೆ. ಅದಕ್ಕೇ ಜನವರಿಯಿಂದ ವಾರಕ್ಕೊಮ್ಮೆ ಹಾಳೆ ತಟ್ಟುವ ಅಭ್ಯಾಸ ಮಾಡಿಕೊಂಡಿದ್ದೇನೆ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಚೆನ್ನಾಗಿ ಬಿದ್ದರೆ ನುಸಿ ತಾನಾಗಿಯೇ ಇಳಿಯುತ್ತದೆ. ಮಳೆ ತಡವಾದ ವರ್ಷ ನಾವೇ ಮಳೆಯ ಕೆಲಸ ಮಾಡಬೇಕು.

ಹಾಗಾಗಿ ಇಲ್ಲಿಯೂ ಮೊದಲ ಮದ್ದು ನೀರು. ಎಲೆ ತೊಳೆಯಿರಿ, ಬುಡಕ್ಕೂ ಕೊಡಿ. ಅಜೇಲಿಯಾ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಮೇಲಿನ ಮಣ್ಣು ಒಣಗಿದರೆ ಗಿಡ ಸೊರಗುತ್ತದೆ, ಸೊರಗಿದ ಗಿಡವನ್ನು ನುಸಿ ಬೇಗ ಮುಗಿಸುತ್ತದೆ. ಬುಡಕ್ಕೆ ತರಗೆಲೆ ಹೊದಿಸಿ. ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಜಾಗ ಬಿಡಿ. ದಾರಿ ಪಕ್ಕದ ಗಿಡವಾದರೆ ಧೂಳು ಏಳದ ಹಾಗೆ ದಾರಿಗೂ ಸ್ವಲ್ಪ ನೀರು ಚಿಮುಕಿಸಿ.

ನೀರಿಗೆ ಬಗ್ಗದಿದ್ದರೆ ಬೇವಿನ ಎಣ್ಣೆ. ಇಲ್ಲವೇ ನೀರಿನಲ್ಲಿ ಬೆರೆಸುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಇಲ್ಲಿ ಒಂದು ಎಚ್ಚರ ಬೇಕು. ಎಣ್ಣೆ ಹೊಡೆದ ಗಿಡಕ್ಕೆ ಗಂಧಕ ಹೊಡೆಯಲು ಕನಿಷ್ಠ ಮೂರು ನಾಲ್ಕು ವಾರ ಕಾಯಬೇಕು. ಗಂಧಕದ ಮೇಲೆ ಎಣ್ಣೆಗೂ ಅಷ್ಟೇ. ಎರಡೂ ಸೇರಿದರೆ ಎಲೆ ಸುಟ್ಟು ಹೋಗುತ್ತದೆ. ಸುಡು ಬಿಸಿಲಿನಲ್ಲಿ ಗಂಧಕ ಒಂದೇ ಆದರೂ ಸುಡುತ್ತದೆ. ಅದಕ್ಕೇ ಎಣ್ಣೆಯ ದಾರಿಯೋ ಗಂಧಕದ ದಾರಿಯೋ ಎಂದು ಮೊದಲೇ ತೀರ್ಮಾನ ಮಾಡಿ.

ಇನ್ನೂ ಜೋರಾಗಿದ್ದರೆ ಪ್ರೊಪಾರ್ಗೈಟ್‌ನಂಥ ನುಸಿಗೇ ಮಾಡಿದ ಔಷಧಿಗಳಿವೆ. ಲೇಬಲ್‌ನಲ್ಲಿ ಬರೆದ ಪ್ರಮಾಣ ಮೀರಬೇಡಿ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಹೋಗುತ್ತದೆ. ಮನೆಯ ಶೆಡ್ಡಿನಲ್ಲಿ ಡೈಕೋಫಾಲ್ ಎಂಬ ಹಳೇ ನುಸಿ ಔಷಧಿಯ ಡಬ್ಬಿ ಇದ್ದರೆ ಅದನ್ನು ಬಳಸಬೇಡಿ. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ.

ಅಂಟು, ಮಸಿ, ಇರುವೆ

ಎಲೆ ಮುಟ್ಟಿದರೆ ಕೈ ಅಂಟುತ್ತದೆ, ಮೇಲೆ ಹೊಗೆ ಮಸಿಯಂಥ ಕಪ್ಪು ಬೂಷ್ಟು, ಕೊಂಬೆಯಲ್ಲಿ ಇರುವೆ ಸಾಲು. ಈ ಮೂರೂ ಒಟ್ಟಿಗೆ ಕಂಡರೆ ಬೂಷ್ಟಿಗೆ ಔಷಧಿ ಹುಡುಕಬೇಡಿ. ಮೇಲೆಲ್ಲೋ ಒಂದು ಕೀಟ ರಸ ಹೀರಿ ಸಿಹಿ ಅಂಟು ಸುರಿಸುತ್ತಿದೆ. ಆ ಅಂಟಿನ ಮೇಲೆ ಬೂಷ್ಟು ಬೆಳೆದಿದೆ. ಆ ಅಂಟನ್ನು ತಿನ್ನಲು ಇರುವೆ ಬಂದಿದೆ, ಪ್ರತಿಯಾಗಿ ಆ ಕೀಟವನ್ನು ಕಾಯುತ್ತಿದೆ.

ಕಾಂಡದ ಕವಲಿನಲ್ಲಿ ಹತ್ತಿಯಂಥದ್ದು ಇದ್ದರೆ ಹಿಟ್ಟು ತಿಗಣೆ. ಎಲೆ ನರದ ಮೇಲೆ, ಎಳೇ ಕಡ್ಡಿಯ ಮೇಲೆ ಹಸಿರು ಅಥವಾ ಕಂದು ಹೊಪ್ಪಳೆ ಅಂಟಿದ್ದು ಉಗುರಿನಿಂದ ಕೆರೆದರೆ ಎದ್ದು ಬಂದರೆ ಅದು ಶಲ್ಕ ಕೀಟ, ತೋಟದಲ್ಲಿ ಸ್ಕೇಲ್ ಎನ್ನುತ್ತೇವಲ್ಲ, ಅದೇ. ಕಾಫಿಯ ಹಸಿರು ಸ್ಕೇಲ್ ಬಹಳ ಬಗೆಯ ಗಿಡಕ್ಕೆ ಹತ್ತುತ್ತದೆ. ಗಿಡ ಅಲ್ಲಾಡಿಸಿದಾಗ ಬಿಳಿ ಪುಡಿ ಹಾರಿದ ಹಾಗೆ ಸಣ್ಣ ನೊಣ ಎದ್ದರೆ ಬಿಳಿ ನೊಣ.

ಮೊದಲು ಇರುವೆ ನಿಲ್ಲಿಸಿ. ನೆಲಕ್ಕೆ ತಾಗುವ ಕೊಂಬೆ, ಪಕ್ಕದ ಗಿಡಕ್ಕೆ ತಾಗುವ ಕೊಂಬೆ ಕತ್ತರಿಸಿ. ಕುಂಡವಾದರೆ ನೀರಿನ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ, ಕುಂಡದ ತಳ ನೀರಿಗೆ ತಾಗಬಾರದು. ಇರುವೆ ಕಾವಲು ತಪ್ಪಿದರೆ ಗುಲಗಂಜಿ ಹುಳುಗಳು ಬಂದು ಕೆಲಸ ಶುರುಮಾಡುತ್ತವೆ. ಹಿಟ್ಟು ತಿಗಣೆ ಸ್ವಲ್ಪವೇ ಇದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸ್ಕೇಲ್ ಹತ್ತಿದ ಕಡ್ಡಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಆಮೇಲೆ ಬೇವಿನ ಎಣ್ಣೆ ಹೊಡೆಯಿರಿ.

ಇಲ್ಲಿ ಒಂದು ಮಾತು ಕೈಮುಗಿದು ಹೇಳುತ್ತೇನೆ. ಹಿಟ್ಟು ತಿಗಣೆಯ ನಡುವೆ ಅದಕ್ಕಿಂತ ದೊಡ್ಡದಾದ, ಮೈತುಂಬ ಬಿಳಿ ಮೇಣದ ಎಳೆ ಇರುವ, ಚುರುಕಾಗಿ ನಡೆಯುವ ಹುಳು ಕಂಡರೆ ಹಿಸುಕಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಕಾಫಿಯ ಹಸಿರು ಸ್ಕೇಲ್ ತಿನ್ನಲಿ ಎಂದು 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದದ್ದು. ಅದು ಚೆನ್ನಾಗಿ ತಿನ್ನುವುದು ಹಿಟ್ಟು ತಿಗಣೆಯನ್ನು. ನೋಡಲು ಶತ್ರುವಿನ ಹಾಗೇ ಇರುವುದರಿಂದ ಎಷ್ಟೋ ಜನ ಇದನ್ನೇ ಮೊದಲು ಕೊಲ್ಲುತ್ತಾರೆ. ಹಾಗೆಯೇ ಮಳೆಗಾಲದಲ್ಲಿ ಸ್ಕೇಲ್‌ನ ಸುತ್ತ ಬಿಳಿ ಅಂಚು ಕಟ್ಟಿದ ಹಾಗೆ ಕಂಡರೆ, ಅದನ್ನು ಒಂದು ಒಳ್ಳೆಯ ಶಿಲೀಂಧ್ರ ತಿನ್ನುತ್ತಿದೆ ಎಂದು ಅರ್ಥ. ಆಗಲೂ ಕೈ ಕಟ್ಟಿ ನಿಲ್ಲಿ.

ಮಡಚಿದ ಎಲೆ, ತೂತು ಬಿದ್ದ ಎಲೆ

ಎಲೆಯ ತುದಿ ಸುತ್ತಿಕೊಂಡು ನೂಲಿನಿಂದ ಅಂಟಿಸಿದ ಹಾಗಿದ್ದರೆ ಒಳಗೆ ಮರಿಹುಳು ಇದೆ. ಅಜೇಲಿಯಾದ ಎಲೆ ಸುರಂಗ ಹುಳು ಚಿಕ್ಕಂದಿನಲ್ಲಿ ಎಲೆಯ ಪದರದ ಒಳಗೆ ಕೊರೆಯುತ್ತದೆ, ಬೆಳೆದ ಮೇಲೆ ಹೊರಗೆ ಬಂದು ತುದಿ ಸುತ್ತಿಕೊಂಡು ಕೂರುತ್ತದೆ. ಬೆರಳಿನಿಂದ ಹಿಸುಕಿ ಅಥವಾ ಎಲೆ ಕಿತ್ತು ಸುಡಿ. ಅಂಗಳದ ಗಿಡಕ್ಕೆ ಅಷ್ಟು ಸಾಕು. ಕಂಬಳಿ ಹುಳುವನ್ನು ಕಡ್ಡಿಯಿಂದ ತೆಗೆದು ಸೋಪಿನ ನೀರಿಗೆ ಹಾಕಿ, ಬರಿಗೈಯಲ್ಲಿ ಮುಟ್ಟಬೇಡಿ.

ಹುಳವೇ ಅಲ್ಲದ ತೊಂದರೆ

ಈಗ ಪಕ್ಕದ ಮನೆಯ ಹುಡುಗಿಯ ಗಿಡ. ಹಾಳೆ ತಟ್ಟಿದೆವು, ಏನೂ ನಡೆಯಲಿಲ್ಲ. ಎಲೆ ತಿರುಗಿಸಿದೆವು, ಕೆಳಗೆ ಸ್ವಚ್ಛ. ಅವಳು ತಂದ ಎಲೆಗಳನ್ನು ಸರಿಯಾಗಿ ನೋಡಿದರೆ ಚುಕ್ಕೆಯೇ ಇರಲಿಲ್ಲ. ನರಗಳು ಹಸಿರಾಗಿವೆ, ನರದ ನಡುವಿನ ಜಾಗ ಮಾತ್ರ ಹಳದಿ. ಅದೂ ಹೊಸ ಎಲೆಗಳಲ್ಲಿ. ಗಿಡದ ಹಿಂದೆ ಕಳೆದ ವರ್ಷ ಕಟ್ಟಿದ ಸಿಮೆಂಟ್ ಗೋಡೆ.

ಇದು ಕಬ್ಬಿಣದ ಕೊರತೆ. ಅಜೇಲಿಯಾಗೆ ಹುಳಿ ಮಣ್ಣು ಬೇಕು. ಮಣ್ಣಿನ ಹುಳಿ ತೋರಿಸುವ ಪಿಎಚ್ ಅಂಕಿ 4.5ರಿಂದ 6ರ ಒಳಗೆ ಇದ್ದರೆ ಸುಖವಾಗಿರುತ್ತದೆ. ಸಿಮೆಂಟು, ಸುಣ್ಣ ಮಣ್ಣಿಗೆ ಸೇರಿದರೆ ಹುಳಿ ಕಡಿಮೆಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ನಮ್ಮಲ್ಲಿ ಇದು ಹೆಚ್ಚಾಗಿ ಆಗುವುದಕ್ಕೆ ಇನ್ನೊಂದು ಕಾರಣ ತೋಟದ ಅಭ್ಯಾಸ. ಕಾಫಿಗೆ ಹುಳಿ ಜಾಸ್ತಿಯಾಯಿತೆಂದು ಸುಣ್ಣ ಹಾಕುತ್ತೇವೆ. ಉಳಿದ ಒಂದು ಬುಟ್ಟಿಯನ್ನು ಪ್ರೀತಿಯಿಂದ ಹೂ ಗಿಡಕ್ಕೂ ಹಾಕಿಬಿಡುತ್ತೇವೆ. ಕಾಫಿಗೆ ಒಳ್ಳೆಯದು ಅಜೇಲಿಯಾಗೆ ಒಳ್ಳೆಯದಲ್ಲ. ಅವಳ ಗಿಡವನ್ನು ಗೋಡೆಯಿಂದ ದೂರ ತೆಗೆದು, ಕಾಡಿನ ಎಲೆಗೊಬ್ಬರ ಬೆರೆಸಿ ನೆಡಲು ಹೇಳಿದೆ.

ಎಳೇ ಎಲೆ ಅಥವಾ ಮೊಗ್ಗು ಊದಿಕೊಂಡು, ದಪ್ಪಗೆ, ಮೇಣದ ಗೊಂಬೆಯ ಹಾಗಾದರೆ ಅದು ಶಿಲೀಂಧ್ರದ ಗಂಟು. ತಂಪು ಮತ್ತು ಒದ್ದೆ ಹವೆಯಲ್ಲಿ ಬರುತ್ತದೆ. ಬಿಳಿ ಪುಡಿ ಕಟ್ಟುವ ಮೊದಲೇ ಕಿತ್ತು ಸುಟ್ಟುಬಿಡಿ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬುಡ ಒದ್ದೆಯಾಗಿಯೇ ಇದ್ದೂ ಎಲೆ ಜೋತುಬಿದ್ದರೆ ಬೇರು ಕೊಳೆಯುತ್ತಿದೆ. ಹುಳದ ಔಷಧಿ ಇಲ್ಲಿ ಏನೂ ಮಾಡದು. ನೀರು ಹರಿದುಹೋಗಲು ಕಾಲುವೆ ತೆಗೆಯಿರಿ, ಕುಂಡದ ತೂತು ಮುಚ್ಚಿದೆಯೇ ನೋಡಿ.

ಔಷಧಿ ಹೊಡೆಯುವ ದಿನ

ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ. ಎಣ್ಣೆ ನೀರಿನಲ್ಲಿ ತಾನಾಗಿ ಬೆರೆಯುವುದಿಲ್ಲ. ಮೊದಲು ಸ್ವಲ್ಪ ಮೆದು ದ್ರವ ಸೋಪಿನ ಜೊತೆ ಕಲಸಿ, ಆಮೇಲೆ ನೀರು ಸೇರಿಸಿ, ನಡುನಡುವೆ ಅಲ್ಲಾಡಿಸುತ್ತಿರಿ. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ. ಸಂಜೆ ಹೊತ್ತು ಒಳ್ಳೆಯದು. ಎಲೆಯ ಕೆಳಭಾಗ ಪೂರ್ತಿ ನೆನೆಯಬೇಕು. ಮೇಲಿನಿಂದ ಮಾತ್ರ ಹೊಡೆದರೆ ಹೊಡೆದದ್ದು ದಂಡ. ಏಳರಿಂದ ಹತ್ತು ದಿನಕ್ಕೆ ಇನ್ನೊಂದು ಸಲ, ಏಕೆಂದರೆ ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಹೂವಿರುವ ಗಿಡಕ್ಕೆ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಕೊಡಗಿನ ಜೇನು 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಸಿಕ್ಕಿ ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾಗಿತ್ತು. ಉಳಿದುಕೊಂಡು ಬಂದ ಜೇನನ್ನು ನಾಲ್ಕು ಹೂ ಗಿಡಕ್ಕಾಗಿ ಕಳೆಯುವುದು ಬೇಡ.

ಇಷ್ಟಾದರೂ ಗೊತ್ತಾಗದಿದ್ದರೆ ಒಂದು ಚಿಕ್ಕ ಕೊಂಬೆ ಕತ್ತರಿಸಿ ಪೇಪರ್‌ನಲ್ಲಿ ಸುತ್ತಿ, ಅದೇ ದಿನ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರಕ್ಕೋ ಒಯ್ಯಿರಿ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ ಎಲೆ ಬೆವರಿ ಕೊಳೆಯುತ್ತದೆ, ಗುರುತೇ ಸಿಗುವುದಿಲ್ಲ.

ಮದ್ದು ಹಿಡಿಯಿತೋ ಇಲ್ಲವೋ ನೋಡಲು ಹಳೇ ಎಲೆಯನ್ನು ನೋಡಬೇಡಿ. ಬಿಳಿಚಿದ ಎಲೆ ಮತ್ತೆ ಹಸಿರಾಗುವುದಿಲ್ಲ, ಉದುರುವ ತನಕ ಹಾಗೇ ಇರುತ್ತದೆ. ಅದನ್ನು ನೋಡಿ ಔಷಧಿ ಕೆಲಸ ಮಾಡಲಿಲ್ಲ ಎಂದು ಮತ್ತೆ ಹೊಡೆಯುವವರೇ ಜಾಸ್ತಿ. ಮೊದಲ ದಿನವೇ ಮೂರು ಕೊಂಬೆಗೆ, ಎಳೇ ಚಿಗುರಿನ ಕೆಳಗೆ ಒಂದೊಂದು ಬಣ್ಣದ ದಾರ ಕಟ್ಟಿ. ಮೂರು ವಾರ ಬಿಟ್ಟು ದಾರದ ಮೇಲಿನ ಎಲೆಗಳನ್ನು ತಿರುಗಿಸಿ ನೋಡಿ. ಅವು ಸ್ವಚ್ಛವಾಗಿದ್ದರೆ ಸ್ಪ್ರೇಯರ್ ತೊಳೆದು ಒಳಗೆ ಇಡಿ.